ಕೆನಡಾದ ಕತೆಗಳ ಊರಿನಲ್ಲಿ

ಲಂಡನ್ನಿಗೆ ಹೋಗಿದ್ದೆ ಎಂದರೆ ಸಾಕು, ಅರಮನೆ ನೋಡಿದಿರಾ, ದೊಡ್ಡ ಗಡಿಯಾರ ನೋಡಿದಿರಾ ಅಂತ ಎಲ್ಲರೂ ಶುರು ಮಾಡುತ್ತಾರೆ. ಇದು ಆ ಲಂಡನ್ ಅಲ್ಲ. ಕೆನಡಾ ದೇಶದ ಒಂಟಾರಿಯೋ ಪ್ರಾಂತದಲ್ಲಿ, ಟೊರಾಂಟೊದಿಂದ ಕಾರಿನಲ್ಲಿ ಪಶ್ಚಿಮಕ್ಕೆ ಎರಡು ಗಂಟೆ ಹೋದರೆ ಸಿಗುವ ಇನ್ನೊಂದು ಲಂಡನ್. ಅಲ್ಲೂ ಥೇಮ್ಸ್ ಎಂಬ ನದಿ ಇದೆ, ಕಾವೆಂಟ್ ಗಾರ್ಡನ್ ಎಂಬ ಮಾರ್ಕೆಟ್ಟೂ ಇದೆ! ಊರು ಬಿಟ್ಟು ಬಂದವರು ಹೆಸರುಗಳನ್ನಾದರೂ ಗಂಟು ಕಟ್ಟಿಕೊಂಡು ಬಂದರು ಅಂತ ಕಾಣುತ್ತದೆ.

2023ರ ಅಕ್ಟೋಬರಿನಲ್ಲಿ ನಮ್ಮ ಯಜಮಾನರೂ ನಾನೂ ಅಲ್ಲಿ ನನ್ನ ತಂಗಿಯ ಮಗಳ ಮನೆಯಲ್ಲಿದ್ದೆವು. ಅವಳು ವೆಸ್ಟರ್ನ್ ವಿಶ್ವವಿದ್ಯಾನಿಲಯದಲ್ಲಿ ಸಂಶೋಧನಾ ವಿದ್ಯಾರ್ಥಿನಿ. ಓದುತ್ತಿದ್ದುದು ಈ ಕಾಲದ ಕೆನಡಾದ ಕಾದಂಬರಿ ಮತ್ತು ಸಣ್ಣ ಕತೆಗಳನ್ನು. "ಅಷ್ಟು ದೂರ ಹೋಗಿ ಕತೆಪುಸ್ತಕ ಓದೋದಾ?" ಎಂದು ನಮ್ಮ ಯಜಮಾನರು ಮೊದಲ ದಿನವೇ ಕೇಳಿಬಿಟ್ಟರು. ಅವಳು ನಕ್ಕು, "ದೊಡ್ಡಪ್ಪ, ಈ ಕತೆಗಳು ಕಾಲೇಜಿನ ಒಳಗೆ ಬರೋದಕ್ಕೇ ಎಷ್ಟು ಕಷ್ಟಪಟ್ಟಿವೆ ಗೊತ್ತಾ?" ಎಂದಳು.

ನಿಜವೇ. ಬಹಳ ಕಾಲ ಕೆನಡಾದ ಕಾಲೇಜುಗಳಲ್ಲಿ ಸಾಹಿತ್ಯವೆಂದರೆ ಇಂಗ್ಲೆಂಡಿನ ಸಾಹಿತ್ಯ. ನಮ್ಮಲ್ಲೂ ಹಾಗೇ ಅಲ್ಲವೇ, ಡ್ಯಾಫೊಡಿಲ್ ಹೂವನ್ನು ಕಣ್ಣಿನಿಂದ ಕಾಣದೆಯೇ ಅದರ ಮೇಲಿನ ಪದ್ಯ ಬಾಯಿಪಾಠ ಮಾಡಿದವರು ನಾವು! 1958ರಲ್ಲಿ ಮೆಕ್‌ಕ್ಲೆಲೆಂಡ್ ಅಂಡ್ ಸ್ಟೂವರ್ಟ್ ಎಂಬ ಪ್ರಕಾಶಕರು 'ನ್ಯೂ ಕೆನೇಡಿಯನ್ ಲೈಬ್ರರಿ' ಎಂದು ಅಗ್ಗದ ಬೆಲೆಯ ಪುಸ್ತಕಮಾಲೆ ತೆಗೆದ ಮೇಲೆ ವಿದ್ಯಾರ್ಥಿಗಳ ಕೈಗೆ ತಮ್ಮದೇ ದೇಶದ ಪುಸ್ತಕಗಳು ಸಲೀಸಾಗಿ ಸಿಗತೊಡಗಿದವು. 1964ರಲ್ಲಿ ಮಾರ್ಗರೆಟ್ ಲಾರೆನ್ಸ್ ಅವರ 'ದಿ ಸ್ಟೋನ್ ಏಂಜೆಲ್' ಬಂತು. ತೊಂಬತ್ತು ದಾಟಿದ ಹಟಮಾರಿ ಮುದುಕಿಯೊಬ್ಬಳ ಕಾದಂಬರಿ ಅದು. 1972ರಲ್ಲಿ ಮಾರ್ಗರೆಟ್ ಆಟ್‌ವುಡ್ 'ಸರ್ವೈವಲ್' ಬರೆದು, ನಮ್ಮ ಸಾಹಿತ್ಯದ ಮುಖ್ಯ ಸಂಗತಿಯೇ ಬದುಕಿ ಉಳಿಯುವುದು ಎಂದು ವಾದಿಸಿದರು. ಅಲ್ಲಿಯ ಚಳಿಯನ್ನು ಅಕ್ಟೋಬರಿನಲ್ಲೇ ಕಂಡ ನನಗೆ ಈ ಮಾತಿಗೆ ಬೇರೆ ಪುರಾವೆ ಬೇಕಾಗಲಿಲ್ಲ.

ಈಗಿನ ಪಾಠಪಟ್ಟಿಯಲ್ಲಿ ನಮ್ಮವರೂ ಇದ್ದಾರೆ. ಮುಂಬಯಿಯಲ್ಲಿ ಹುಟ್ಟಿ, 1975ರಲ್ಲಿ ಕೆನಡಾಕ್ಕೆ ಹೋಗಿ, ಬ್ಯಾಂಕಿನಲ್ಲಿ ದುಡಿಯುತ್ತಲೇ ಓದಿದ ರೋಹಿಂಟನ್ ಮಿಸ್ತ್ರಿ ಒಬ್ಬರು. ನಾವು ಹೆಮ್ಮೆಪಡಬೇಕಾದ ಇನ್ನೊಂದು ಹೆಸರು ಅನಿತಾ ರಾವ್ ಬಾದಾಮಿ. ಕನ್ನಡ ಮಾತನಾಡುವ ಮನೆತನದವರು, ತಂದೆ ರೈಲ್ವೆಯಲ್ಲಿ ಎಂಜಿನಿಯರ್. 1991ರಲ್ಲಿ ಕೆನಡಾಕ್ಕೆ ಹೋದ ಅವರು ಕ್ಯಾಲ್ಗರಿ ವಿಶ್ವವಿದ್ಯಾನಿಲಯದಲ್ಲಿ ಎಂ.ಎ.ಗೆ ಬರೆದದ್ದೇ 'ಟ್ಯಾಮರಿಂಡ್ ಮೆಮ್' ಕಾದಂಬರಿ. ಹುಣಸೆಹಣ್ಣಿನಂಥ ನಾಲಿಗೆಯ ರೈಲ್ವೆ ಅಧಿಕಾರಿಯ ಹೆಂಡತಿ, ದೂರದ ಕ್ಯಾಲ್ಗರಿಯಲ್ಲಿ ಕೂತು ಅಮ್ಮನನ್ನು ನೆನೆಯುವ ಮಗಳು. ಡಾಕ್ಟರಾಗಬೇಕೆಂದಿದ್ದ ಹುಡುಗಿಯನ್ನು ಮದುವೆ ಮಾಡಿ ಕಳಿಸಿದರೆ ನಾಲಿಗೆ ಹುಳಿಯಾಗದೆ ಸಿಹಿಯಾಗುತ್ತದೆಯೇ, ಹೇಳಿ!

ಒಂದು ದಿನ ಮೇಷ್ಟರ ಅನುಮತಿ ಪಡೆದು ನನ್ನನ್ನೂ ತರಗತಿಗೆ ಕರೆದುಕೊಂಡು ಹೋದಳು. ಗುಡ್ಡದ ಮೇಲೆ ಗೋಪುರವಿರುವ ಕಲ್ಲಿನ ಕಟ್ಟಡ, ಹುಲ್ಲಿನ ಮೇಲೆ ಅಳಿಲುಗಳು. ನಮ್ಮ ಅಳಿಲಿನ ಎರಡರಷ್ಟು ದಪ್ಪ, ಬೆನ್ನ ಮೇಲೆ ರಾಮನ ಮೂರು ಗೆರೆ ಮಾತ್ರ ಇಲ್ಲ. ಒಳಗೆ ಒಂದೇ ಮೇಜು, ಸುತ್ತ ಹತ್ತು ಹನ್ನೆರಡು ಜನ. ನೋಟ್ಸ್ ಬರೆಸುವ ಪದ್ಧತಿಯೇ ಇಲ್ಲ. ಎಲ್ಲರೂ ಕತೆ ಓದಿಕೊಂಡೇ ಬರಬೇಕು. ಮೇಷ್ಟರು ಒಂದು ಪ್ರಶ್ನೆ ಎಸೆದು ಸುಮ್ಮನೆ ಕೂರುತ್ತಾರೆ. ಯಾರಾದರೂ ಅಭಿಪ್ರಾಯ ಹೇಳಿದರೆ, "ಯಾವ ಸಾಲಿನಲ್ಲಿದೆ, ತೋರಿಸಿ" ಎನ್ನುತ್ತಾರೆ. ಮಾತು ಹುಟ್ಟುವವರೆಗೆ ಎರಡು ನಿಮಿಷ ಮೌನವಿದ್ದರೂ ಯಾರಿಗೂ ಗಾಬರಿಯಿಲ್ಲ; ನನಗೇ ಆಯಿತು.

ಅಂದಿನ ಪಾಠ ಆಲಿಸ್ ಮನ್ರೋ ಅವರ 'ದಿ ಆಫೀಸ್' ಎಂಬ ಕತೆ. ಒಬ್ಬ ಗೃಹಿಣಿ ಇಸ್ತ್ರಿ ಮಾಡುತ್ತಾ ಮಾಡುತ್ತಾ, ತನಗೆ ಬರೆಯಲು ಒಂದು ಆಫೀಸು ಬೇಕೆಂದು ನಿರ್ಧರಿಸುತ್ತಾಳೆ. ಗಂಡಸು ಮನೆಯಲ್ಲೇ ಬಾಗಿಲು ಹಾಕಿಕೊಂಡು ಕೆಲಸ ಮಾಡಿದರೆ ಎಲ್ಲರೂ ಸದ್ದು ತಗ್ಗಿಸುತ್ತಾರೆ. ತಾಯಿ ಬಾಗಿಲು ಹಾಕಿಕೊಂಡರೆ ಏನೋ ಆಗಬಾರದ್ದು ಆದಂತೆ. ಸರಿ, ಬಾಡಿಗೆಗೆ ಕೋಣೆ ಹಿಡಿದಳು. ಆದರೆ ಆ ಮಾಲೀಕ ಬಿಡಬೇಕಲ್ಲ! ಹೂಕುಂಡ ತಂದುಕೊಡುತ್ತಾನೆ, ಟೀ ಪಾಟ್ ತಂದುಕೊಡುತ್ತಾನೆ, ತನ್ನ ಕಷ್ಟಸುಖ ಹೇಳುತ್ತಾನೆ. ಅವಳು ಬೇಡವೆಂದಾಗ ಅವಳ ಮೇಲೇ ಅಪವಾದ ಹೊರಿಸುತ್ತಾನೆ. ಆಕೆ ಗಂಟುಮೂಟೆ ಕಟ್ಟುತ್ತಾಳೆ. ಒಬ್ಬ ಹುಡುಗ, "ಮಾಲೀಕ ಪಾಪ ಒಂಟಿ" ಎಂದ. ಮೇಜಿನ ಸುತ್ತ ಇದ್ದ ಹೆಣ್ಣುಮಕ್ಕಳೆಲ್ಲ ಒಟ್ಟಿಗೆ ತಿರುಗಿ ನೋಡಿದರು ನೋಡಿ, ಅದನ್ನು ನೀವು ನೋಡಬೇಕಿತ್ತು!

ಮನ್ರೋ ಇದೇ ವಿಶ್ವವಿದ್ಯಾನಿಲಯದಲ್ಲಿ 1949ರಿಂದ ಎರಡು ವರ್ಷ ಓದಿದವರು. ವಿದ್ಯಾರ್ಥಿವೇತನ ಮುಗಿಯಿತು, ಓದೂ ನಿಂತಿತು. 1951ರಲ್ಲಿ ಮದುವೆಯಾಗಿ ವ್ಯಾಂಕೂವರಿಗೆ ಹೋದರು. ಮಕ್ಕಳು ಮಲಗಿದ ಹೊತ್ತಿನಲ್ಲಿ ಬರೆದರು. ಕಾದಂಬರಿಗೆ ಬೇಕಾದಷ್ಟು ಪುರುಸೊತ್ತು ಸಿಗದೆ ಸಣ್ಣ ಕತೆಗೆ ಒಗ್ಗಿಕೊಂಡೆ ಎಂದು ಅವರೇ ಹೇಳುತ್ತಿದ್ದರು. ಗೃಹಿಣಿಗೆ ಕತೆ ಬರೆಯಲೂ ಸಮಯ ಸಿಕ್ಕಿದೆ ಎಂಬರ್ಥದ ತಲೆಬರಹದಲ್ಲಿ ಅಲ್ಲಿಯ ಪತ್ರಿಕೆಯೊಂದು 1961ರಲ್ಲಿ ಅವರ ಬಗ್ಗೆ ಬರೆಯಿತಂತೆ. ಮೊದಲ ಸಂಕಲನ ಬಂದದ್ದು 1968ರಲ್ಲಿ. 2013ರಲ್ಲಿ ನೊಬೆಲ್ ಪ್ರಶಸ್ತಿ.

ಅವರ ಹುಟ್ಟೂರು ವಿಂಗ್‌ಹ್ಯಾಮ್ ಲಂಡನ್ನಿನಿಂದ ಉತ್ತರಕ್ಕೆ ಕಾರಿನಲ್ಲಿ ಒಂದೂವರೆ ಗಂಟೆಯ ದಾರಿ. ಒಂದು ಶನಿವಾರ ಚಪಾತಿ, ಆಲೂಗಡ್ಡೆ ಪಲ್ಯ, ಫ್ಲಾಸ್ಕಿನಲ್ಲಿ ಕಾಫಿ ಕಟ್ಟಿಕೊಂಡು ಹೊರಟೆವು. ನೆಲವೆಲ್ಲ ಮಟ್ಟಸ, ಒಣಗಿ ನಿಂತ ಮುಸುಕಿನ ಜೋಳ, ಕೆಂಪು ಇಟ್ಟಿಗೆಯ ಮನೆಗಳು, ದನಕ್ಕೆ ಮೇವು ತುಂಬಿಡುವ ಎತ್ತರದ ಕಣಜಗಳು. ನಡುನಡುವೆ ಮೇಪಲ್ ಮರಗಳು ಕುಂಕುಮ ಚೆಲ್ಲಿದಂತೆ. ಕ್ಲಿಂಟನ್ ಎಂಬ ಊರಿನಲ್ಲಿ ಕಾರು ನಿಲ್ಲಿಸಿ ಚಪಾತಿ ತಿಂದೆವು. "ಮನ್ರೋ ಎರಡನೆಯ ಗಂಡನ ಜೊತೆ ಬಹಳ ವರ್ಷ ಇದ್ದದ್ದು ಇದೇ ಊರಲ್ಲಿ, ದೊಡ್ಡಮ್ಮ" ಎಂದಳು ಹುಡುಗಿ. ಗಾಳಿ ಕೊರೆಯುತ್ತಿತ್ತು, ಬೇಗ ಬೇಗ ಕಾಫಿ ಕುಡಿದು ಹೊರಟೆವು.

ವಿಂಗ್‌ಹ್ಯಾಮ್ ಮೂರು ಸಾವಿರ ಜನರ ಊರು. ಒಂದು ಮುಖ್ಯ ಬೀದಿ, ಬದಿಯಲ್ಲಿ ಮೇಟ್‌ಲೆಂಡ್ ಹೊಳೆ. ಊರಾಚೆ ಮನ್ರೋ ಅವರ ತಂದೆ ತುಪ್ಪಳಕ್ಕಾಗಿ ನರಿ ಸಾಕುತ್ತಿದ್ದರು. ತಾಯಿ ಮದುವೆಗೆ ಮುಂಚೆ ಶಾಲೆಯಲ್ಲಿ ಪಾಠ ಹೇಳುತ್ತಿದ್ದವರು. ಪಾರ್ಕಿನ್ಸನ್ ಎಂಬ ನಡುಕದ ಕಾಯಿಲೆ ಹಿಡಿದಾಗ ಮನೆಯ ಭಾರ ಹಿರಿಮಗಳಾದ ಈಕೆಯ ಮೇಲೆ ಬಿತ್ತು. ಅವರ ಹೆಸರಿನಲ್ಲಿ ಊರಿನವರು ಮಾಡಿದ್ದ ಪುಟ್ಟ ತೋಟವನ್ನು ನೋಡಿದೆವು. ನಡೆಯುವ ಹಾದಿಯ ಕಲ್ಲುಗಳಲ್ಲಿ ಪುಸ್ತಕಗಳ ಹೆಸರು. ಅವರ ಕತೆಗಳು ಬಂದ ಹೊಸತರಲ್ಲಿ ನಮ್ಮ ಮಾನ ತೆಗೆದಳು ಎಂದು ಊರಿನ ಕೆಲವರು ಸಿಟ್ಟಾಗಿದ್ದೂ ಉಂಟಂತೆ. ಸಣ್ಣ ಊರಿನಲ್ಲಿ ಬಾಳಿದ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

2024ರ ಮೇ 13ರಂದು ಮನ್ರೋ ತೀರಿಕೊಂಡರು. ಎರಡು ತಿಂಗಳೂ ಕಳೆದಿರಲಿಲ್ಲ, ಜುಲೈನಲ್ಲಿ ಅವರ ಕಿರಿಯ ಮಗಳು ಆಂಡ್ರಿಯಾ ಸ್ಕಿನ್ನರ್ 'ಟೊರಾಂಟೊ ಸ್ಟಾರ್' ಪತ್ರಿಕೆಯಲ್ಲಿ ಬರೆದರು. 1976ರಲ್ಲಿ, ತಾನು ಒಂಬತ್ತು ವರ್ಷದವಳಿದ್ದಾಗ, ಮಲತಂದೆ ತನ್ನ ಮೇಲೆ ಲೈಂಗಿಕ ದೌರ್ಜನ್ಯ ಮಾಡಿದ. 1992ರಲ್ಲಿ ತಾಯಿಗೆ ಕಾಗದ ಬರೆದು ತಿಳಿಸಿದೆ. ತಾಯಿ ಕೆಲವು ತಿಂಗಳು ದೂರ ಹೋಗಿ, ಮತ್ತೆ ಅವನ ಬಳಿಗೇ ಹಿಂತಿರುಗಿದರು. 2005ರಲ್ಲಿ ಅವನು ಕೋರ್ಟಿನಲ್ಲಿ ತಪ್ಪೊಪ್ಪಿಕೊಂಡ. ಆಮೇಲೂ, 2013ರಲ್ಲಿ ಅವನು ಸಾಯುವವರೆಗೂ ಅವನ ಜೊತೆಗೇ ಇದ್ದರು. ಬಲ್ಲವರು ಬಲ್ಲವರಾಗಿಯೇ ಸುಮ್ಮನಿದ್ದರು.

ಸುದ್ದಿ ಓದಿದ ದಿನ ನನಗೆ ಅಡಿಗೆಮನೆಯಲ್ಲಿ ಕೈಯೇ ಓಡಲಿಲ್ಲ. ಚಪಾತಿ ತಿಂದ ಆ ಕ್ಲಿಂಟನ್ನೇ ಕಣ್ಣಮುಂದೆ. ಹೆಂಗಸಿನ ಮನಸ್ಸಿನ ಮೂಲೆಮೂಲೆ ಬಲ್ಲವರು ಹೆತ್ತ ಮಗಳ ಕಾಗದವನ್ನು ಹೇಗೆ ಓದಿ ಮಡಿಸಿಟ್ಟರು? ಹೆತ್ತವಳನ್ನೇ ಮೊದಲು ದೂರುವುದು ಸುಲಭ, ಮಾಡಿದವನು ಗಂಡಸು ಎಂದು ಯಜಮಾನರು ಅಂದರು. ಆ ಮಾತೂ ಸುಳ್ಳಲ್ಲ. ಆದರೆ ಒಂಬತ್ತು ವರ್ಷದ ಮಗುವಿನ ಪಕ್ಕದಲ್ಲಿ ಕೂತು ನೋಡಿದರೆ ಆ ಲೆಕ್ಕ ಸಾಲದು.

ವಿಶ್ವವಿದ್ಯಾನಿಲಯ ಮನ್ರೋ ಹೆಸರಿನಲ್ಲಿದ್ದ ಪೀಠವನ್ನು ಆ ವರ್ಷ ತಡೆಹಿಡಿಯಿತು. ನಮ್ಮ ಹುಡುಗಿ ಅಷ್ಟು ಹೊತ್ತಿಗೆ ಬಿ.ಎ. ಮಕ್ಕಳಿಗೆ ವಾರಕ್ಕೊಂದು ತರಗತಿ ತೆಗೆದುಕೊಳ್ಳುತ್ತಿದ್ದಳು. ಪಟ್ಟಿಯಲ್ಲಿ ಮನ್ರೋ ಕತೆಯಿತ್ತು. ರಾತ್ರಿ ಫೋನು ಮಾಡಿ, "ದೊಡ್ಡಮ್ಮ, ನಾಳೆ ಆ ಮಕ್ಕಳ ಮುಂದೆ ಏನಂತ ನಿಲ್ಲಲಿ? ಆ ಇಪ್ಪತ್ತು ಜನರಲ್ಲಿ ಯಾರ ಮನೆಯಲ್ಲಿ ಏನಾಗಿದೆಯೋ" ಎಂದಳು. ನನ್ನ ಹತ್ತಿರ ಉತ್ತರವಿರಲಿಲ್ಲ. ಮೊದಲೇ ಹೇಳಿಬಿಡು, ಓದಲಾರೆ ಅನ್ನುವವರನ್ನು ಒತ್ತಾಯ ಮಾಡಬೇಡ ಎಂದೆ, ಅಷ್ಟೆ.

ಅವಳು ಮೊದಲು ಮಗಳ ಬರಹವನ್ನು ಓದಿಸಿದಳಂತೆ. ಆಮೇಲೆ 'ವ್ಯಾಂಡಲ್ಸ್' ಎಂಬ ಕತೆ. 1993ರಲ್ಲಿ ಅಚ್ಚಾದದ್ದು, ಅಂದರೆ ಆ ಕಾಗದ ಬಂದ ಮರುವರ್ಷ. ಜೊತೆಗಾರ ಪಕ್ಕದ ಮನೆಯ ಮಕ್ಕಳನ್ನು ಹಾಳು ಮಾಡುತ್ತಿದ್ದರೂ ಕಾಣದಂತಿದ್ದ ಹೆಂಗಸೊಬ್ಬಳು ಆ ಕತೆಯಲ್ಲಿದ್ದಾಳೆ. ಇಬ್ಬರು ವಿದ್ಯಾರ್ಥಿಗಳು ಅವತ್ತು ಬರಲಿಲ್ಲ. ಒಬ್ಬಳು, ಇನ್ನು ಮುಂದೆ ಈಕೆಯನ್ನು ಓದುವುದಿಲ್ಲ ಎಂದು ಪುಸ್ತಕ ಮುಚ್ಚಿದಳು. ಇನ್ನೊಬ್ಬಳು, ಈಗಲೇ ಸರಿಯಾಗಿ ಓದಬೇಕು, ಎಲ್ಲವನ್ನೂ ಬಲ್ಲವಳು ಬರೆದ ಕತೆ ಇದು ಎಂದಳು. ಇಬ್ಬರಿಗೂ ಅವಳು ಯಾವ ಸಾಲಿನಲ್ಲಿದೆ ತೋರಿಸಿ ಎನ್ನಲಿಲ್ಲವಂತೆ. ಐವತ್ತು ನಿಮಿಷದ ತರಗತಿಯಲ್ಲಿ ತಾಯಿಯ ಹೆಸರಿಗಿಂತ ಮಗಳ ಹೆಸರೇ ಹೆಚ್ಚು ಸಲ ಬಂತು ಎಂದು ಹೇಳುವಾಗ ಅವಳ ದನಿಯಲ್ಲಿ ಕೊಂಚ ನಿರಾಳವಿತ್ತು.

"ಮುಂದಿನ ವಾರ ಏನು ಪಾಠ?" ಎಂದೆ. ಬಾದಾಮಿಯವರ ಕಾದಂಬರಿಯಂತೆ. ಹುಣಸೆಹಣ್ಣನ್ನು ಕಂಡೇ ಇಲ್ಲದ ಮಕ್ಕಳ ನಾಲಿಗೆಗೆ ಒಂದಿಷ್ಟು ಹಚ್ಚೋಣವೆಂದು ಇಂಡಿಯನ್ ಅಂಗಡಿಯಿಂದ ಒಂದು ಪ್ಯಾಕೆಟ್ಟು ತಂದಿಟ್ಟಿದ್ದಾಳೆ.