ಒಂಚೂರು ತಳ್ತೀರಾ?

ನಮ್ಮ ಮನೆಯ ಕಾರಿನ ಹೆಸರು ಹೇಳಲಾರೆ. ನಮ್ಮಜ್ಜಿ ಬದುಕಿರುವವರೆಗೂ ತಾತನ ಹೆಸರನ್ನು ಬಾಯಿಬಿಟ್ಟು ಹೇಳಿದವರಲ್ಲ. ಜನಗಣತಿಯವರು ಬಂದು ಕೇಳಿದರೆ ಪಕ್ಕದಲ್ಲಿ ಆಡುತ್ತಿದ್ದ ನನ್ನ ಕಡೆ ಸನ್ನೆ ಮಾಡುತ್ತಿದ್ದರು. ಕಾರಿನ ವಿಷಯದಲ್ಲಿ ನನಗೂ ಅದೇ ಸಂಕೋಚ. ಮದುವೆಮನೆಯಲ್ಲಿ ಬಾಗಿಲಿಗೆ ಅಡ್ಡ ನಿಂತು ಹೆಸರು ಹೇಳಿಸುವ ಹಾಗೆ ಯಾರಾದರೂ ಹಠ ಹಿಡಿದರೆ ಒಡಪು ಹಾಕಬಲ್ಲೆ: ‘ಸ್ಟಿಯರಿಂಗಿನ ಕೊರಳಿಗೆ ಗೇರು ಕಟ್ಟಿಕೊಂಡವರು, ಮುಂದಿನ ಸೀಟಲ್ಲಿ ಮೂವರನ್ನು ಕೂರಿಸಿಕೊಂಡವರು, ಹತ್ತಿದ ನೆಂಟರನ್ನೆಲ್ಲ ಇಳಿಸಿ ತಳ್ಳಿಸಿಕೊಂಡವರು, ಅವರೇ ನಮ್ಮನೆಯವರು.’ ಇಷ್ಟಕ್ಕೂ ಅದರ ರಗಳೆಗಳಿಗೆ ಅದನ್ನು ಮಾಡಿದವರನ್ನು ದೂರುವಂತಿಲ್ಲ. ಅಪ್ಪ ಕೊಳ್ಳುವ ಹೊತ್ತಿಗೆ ಅದು ಮೂರು ಮನೆ ಕಂಡು ಬಂದಿತ್ತು. ಮುದುಕರ ಮಂಡಿನೋವಿಗೆ ಅವರನ್ನು ಹೆತ್ತವರನ್ನು ಬೈಯುವುದುಂಟೆ?

ಹೊಸ ಕಾರು ಬೇಕೆಂದರೆ ದುಡ್ಡು ಕಟ್ಟಿ, ಹೆಸರು ಬರೆಸಿ, ವರ್ಷಗಟ್ಟಲೆ ಕಾಯಬೇಕಿದ್ದ ಕಾಲ ಅದು. ಅಪ್ಪನಿಗೆ ಅಷ್ಟು ತಾಳ್ಮೆಯೂ ಇರಲಿಲ್ಲ, ಅಷ್ಟು ದುಡ್ಡೂ ಇರಲಿಲ್ಲ. ಕಾಫಿ ವ್ಯಾಪಾರಿಯೊಬ್ಬರ ಶೆಡ್ಡಿನಲ್ಲಿ ಕೋಳಿಗಳಿಗೆ ಆಶ್ರಯ ಕೊಟ್ಟುಕೊಂಡಿದ್ದ ಕಾರನ್ನು ಜೀಪಿಗೆ ಹಗ್ಗ ಕಟ್ಟಿಸಿ ಎಳೆದು ತಂದರು. ಆರತಿ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದ ಅಮ್ಮ ಹಗ್ಗ ನೋಡಿದಳು. ‘ತಾನಾಗಿ ನಡೆದು ಒಳಗೆ ಬರಲಿ, ಆಮೇಲೆ ಆರತಿ’ ಎಂದು ತಟ್ಟೆ ತೆಗೆದುಕೊಂಡು ಒಳಗೆ ಹೋದಳು. ಆರತಿಯಾದದ್ದು ಎಂಟು ದಿನದ ಮೇಲೆ.

ಅಂದಿನಿಂದ ನಮ್ಮ ಮನೆಯಲ್ಲಿ ಬೆಳಗ್ಗೆ ಎರಡು ಪೂಜೆ. ಒಂದು ದೇವರಕೋಣೆಯಲ್ಲಿ, ಇನ್ನೊಂದು ಗೇಟಿನ ಹತ್ತಿರ. ಎರಡನೆಯದರ ಅರ್ಚಕರು ಅಪ್ಪ. ಚೋಕ್ ಎಳೆದು, ಕಣ್ಣು ಮುಚ್ಚಿ, ತಲೆ ಒಂದು ಪಕ್ಕಕ್ಕೆ ವಾಲಿಸಿ ಸೆಲ್ಫ್ ಹೊಡೆಯುವರು. ಚೋಕ್ ಜಾಸ್ತಿಯಾದರೆ ಪೆಟ್ರೋಲು ಉಕ್ಕಿ ಪ್ಲಗ್ಗುಗಳೆಲ್ಲ ನೆನೆದು ಕೂರುತ್ತವೆ. ಕಡಿಮೆಯಾದರೆ ಎಂಜಿನ್ನು ಒಮ್ಮೆ ಆಕಳಿಸಿ ಮಲಗುತ್ತದೆ. ಮಳೆಗಾಲದಲ್ಲಿ ಡಿಸ್ಟ್ರಿಬ್ಯೂಟರಿನ ಮುಚ್ಚಳದೊಳಗೆ ತೇವ ಕೂತರೆ ಕಿಡಿಯೇ ಹಾರದು. ಆಗ ಅಪ್ಪ ತಮ್ಮ ಒಗೆದ ಪಂಚೆಯ ತುದಿಯಿಂದಲೇ ಅದನ್ನು ಒರೆಸುತ್ತಿದ್ದರು, ಎಳೆಗೂಸಿನ ಮೂಗು ಒರೆಸಿದ ಹಾಗೆ. ನಾವು ಮೂವರು ಮಕ್ಕಳಲ್ಲಿ ರಾತ್ರಿ ಕೆಮ್ಮಿದ್ದು ಯಾರೆಂದು ಅವರಿಗೆ ತಿಳಿಯುತ್ತಿರಲಿಲ್ಲ. ಕಾರು ಕೆಮ್ಮಿದರೆ ಮಾತ್ರ ಎಷ್ಟನೇ ಸಿಲಿಂಡರೆಂದು ಹೇಳುತ್ತಿದ್ದರು.

ಸೆಲ್ಫಿನ ಸದ್ದು ಮೂರು ಸಲಕ್ಕಿಂತ ಹೆಚ್ಚು ಕೇಳಿಸಿತೋ, ಬೀದಿಯ ಬಾಗಿಲುಗಳು ತೆರೆಯುತ್ತಿದ್ದವು. ಎದುರುಮನೆ ಮೇಷ್ಟ್ರು ಕೈ ಒರೆಸಿಕೊಂಡು ಹೊರಬರುವರು. ಮೂಲೆಮನೆಯ ಬ್ಯಾಂಕಿನವರು ಅರ್ಧ ಗಡ್ಡ ಹೆರೆದುಕೊಂಡು ಬರುವರು. ಹಾಲಿನವನು ಸೈಕಲ್ಲಿಗೆ ಸ್ಟ್ಯಾಂಡ್ ಹಾಕುವನು. ಆಗ ಅಪ್ಪ ಕಿಟಕಿಯಿಂದ ತಲೆ ಹೊರಹಾಕಿ, ಇದೇ ಮೊದಲ ಸಲವೋ ಎಂಬಂತೆ ನಾಚಿಕೊಂಡು ಕೇಳುತ್ತಿದ್ದರು: ‘ಒಂಚೂರು ತಳ್ತೀರಾ?’

ತಳ್ಳುವುದಕ್ಕೂ ಶಾಸ್ತ್ರವಿದೆ. ಕೀ ತಿರುಗಿಸಿರಬೇಕು, ಗೇರು ಎರಡನೆಯದರಲ್ಲಿರಬೇಕು, ಕ್ಲಚ್ಚು ಪೂರ್ತಿ ಒತ್ತಿರಬೇಕು. ಕಾರು ಓಡುವ ನಡಿಗೆಗೆ ಬಂದ ಕೂಡಲೇ ಕ್ಲಚ್ಚು ಬಿಟ್ಟರೆ, ಎಂಜಿನ್ನು ಚಕ್ರವನ್ನು ತಿರುಗಿಸುವ ಬದಲು ಚಕ್ರವೇ ಎಂಜಿನ್ನನ್ನು ತಿರುಗಿಸಿ ಎಬ್ಬಿಸುತ್ತದೆ. ಒಂದನೇ ಗೇರಾದರೆ ಚಕ್ರ ಕಚ್ಚಿಕೊಂಡು ತಳ್ಳುವವರ ಹಲ್ಲು ಡಿಕ್ಕಿಗೆ ಬಡಿಯುತ್ತದೆ. ತಳ್ಳುವವರಿಗೂ ಒಂದು ನಿಯಮ: ಕಾರು ಹೊತ್ತಿಕೊಂಡ ಕ್ಷಣ ಪಕ್ಕಕ್ಕೆ ಸರಿಯಬೇಕು. ಇಲ್ಲದಿದ್ದರೆ ಪೂರ್ತಿ ಹೊಗೆ ಮುಖಕ್ಕೇ ಪ್ರಸಾದ. ಬ್ಯಾಂಕಿನವರು ಎಷ್ಟೋ ದಿನ ಅರ್ಧ ಮುಖ ಬಿಳಿ, ಅರ್ಧ ಮುಖ ಕಪ್ಪು ಮಾಡಿಕೊಂಡು ಮನೆಗೆ ಮರಳಿದ್ದಾರೆ.

ಘಾಟಿಯಲ್ಲಿ ಬೀದಿಯವರಿಲ್ಲ. ಧರ್ಮಸ್ಥಳಕ್ಕೆ ಹೋಗಿ ಬರುವಾಗ ಗುಂಡ್ಯ ದಾಟಿ ಶಿರಾಡಿ ಏರತೊಡಗಿದರೆ ಅಮ್ಮ ಮಂಜುನಾಥನ ಜಪ ಮತ್ತೆ ಶುರುಮಾಡುವಳು. ಅರ್ಧ ಏರಿದ ಮೇಲೆ ಕಾರು ಜಗ್ಗಿ ಜಗ್ಗಿ ನಿಲ್ಲುವುದು. ಎಂಜಿನ್ನಿನ ಕಾವಿಗೆ ಪೈಪಿನೊಳಗಿನ ಪೆಟ್ರೋಲು ಕುದಿದು ಆವಿಯಾಗುತ್ತದೆ. ದ್ರವವನ್ನು ನೂಕಬಲ್ಲ ಪಂಪು ಆವಿಯನ್ನು ನೂಕಲಾರದು. ಔಷಧ ಒಂದೇ: ಪಂಪಿನ ಮೇಲೆ ಒದ್ದೆ ಬಟ್ಟೆ. ನಾನು ಕೆಂಪುಹೊಳೆಗೆ ಇಳಿದು ಟವೆಲ್ ನೆನೆಸಿಕೊಂಡು ಬರುವೆ. ಜ್ವರ ಬಂದವರ ಹಣೆಗೆ ಹಾಕುವಂತೆ ಅಪ್ಪ ಅದನ್ನು ಹಾಕುವರು. ಎಲ್ಲರೂ ಮೋರಿಕಟ್ಟೆಯ ಮೇಲೆ ಕೂತು ಜ್ವರ ಇಳಿಯುವುದನ್ನು ಕಾಯುವೆವು. ದಾರಿಯಲ್ಲಿ ಹೋಗುವ ಲಾರಿ ತಾನಾಗಿ ನಿಲ್ಲುವುದು. ಡ್ರೈವರ್ ಇಳಿದು, ‘ಏನಾಯ್ತು ಸ್ವಾಮಿ, ಹೀಟಾ?’ ಎನ್ನುವನು. ಅಮ್ಮ ಚಿತ್ರಾನ್ನದ ಡಬ್ಬಿ ಬಿಚ್ಚುವಳು. ಆ ಘಾಟಿಯಲ್ಲಿ ನನಗೆ ಗೊತ್ತಿರುವ ತಿರುವುಗಳೆಲ್ಲ ನಾವು ಕೆಟ್ಟು ನಿಂತ ತಿರುವುಗಳು. ಈಗ ಹೊಸ ಕಾರಿನಲ್ಲಿ, ಗಾಜು ಏರಿಸಿಕೊಂಡು, ಅದೇ ದಾರಿಯಲ್ಲಿ ಮಂಗಳೂರಿಗೆ ಹೋಗಿಬರುತ್ತೇನೆ. ದಾರಿ ಹೇಗಿತ್ತು ಎಂದು ಯಾರಾದರೂ ಕೇಳಿದರೆ ಟ್ರಾಫಿಕ್ಕು ಎಷ್ಟಿತ್ತು ಎಂದಷ್ಟೇ ಹೇಳಬಲ್ಲೆ.

ನಮ್ಮ ಮೇಸ್ತ್ರಿಯ ವಿಷಯ ಹೇಳದಿದ್ದರೆ ಈ ಪುರಾಣ ಅಪೂರ್ಣ. ಕಾರ್ಬುರೇಟರಿನ ಜೆಟ್ಟನ್ನು ಬಿಚ್ಚಿ, ತುಟಿಗಿಟ್ಟು ಪೂಂಯ್ ಎಂದು ಊದಿ, ಬೆಳಕಿಗೆ ಹಿಡಿದು ಒಂದು ಕಣ್ಣಿಂದ ನೋಡುವರು. ‘ಕಸ ಕೂತಿತ್ತು ಸಾರ್, ಈಗ ನೋಡಿ.’ ಪಾಯಿಂಟನ್ನು ಉಪ್ಪುಕಾಗದದಿಂದ ಉಜ್ಜಿ, ಅಂತರವನ್ನು ತಮ್ಮ ಬೀಡಿ ಪೊಟ್ಟಣದ ಕಾಗದ ಮಡಿಸಿ ಅಳೆಯುವರು. ಬಿಲ್ಲು ಕೇಳಿದರೆ ಆಕಾಶ ನೋಡಿ ಒಂದು ಮೊತ್ತ ಹೇಳುವರು. ಅದು ಅಪ್ಪನ ಜೇಬಿನಲ್ಲಿರುವುದಕ್ಕಿಂತ ಎಂದೂ ಹೆಚ್ಚಿರುತ್ತಿರಲಿಲ್ಲ. ಅವರಿಂದ ಕಲಿತ ಭಾಷೆ ಇನ್ನೂ ನನ್ನ ನಾಲಗೆಯ ಮೇಲಿದೆ. ಸ್ಟೆಪ್ನಿ ಎಂಬ ಮಾತು ವೇಲ್ಸಿನ ಲನೆಲ್ಲಿ ಎಂಬ ಊರಿನ ಸ್ಟೆಪ್ನಿ ಬೀದಿಯಿಂದ ಹೊರಟದ್ದೆಂದು ತಿಳಿದದ್ದು ಬಹಳ ಕಾಲದ ಮೇಲೆ. ಆ ಬೀದಿಯ ಹೆಸರು ಹೊತ್ತು ಬಿಡಿ ಚಕ್ರ ಮಾಡುತ್ತಿದ್ದ ಕಂಪನಿ ಮುಳುಗಿ ಎಷ್ಟೋ ಕಾಲವಾಯಿತು. ಹೆಸರು ಮಾತ್ರ ನಮ್ಮ ಡಿಕ್ಕಿಯಲ್ಲಿ ಕ್ಷೇಮವಾಗಿದೆ.

ನನ್ನಂಥವರು ಊರಿಗೆ ಇಬ್ಬರು ಮೂವರಾದರೂ ಇದ್ದಾರೆ. ಭಾನುವಾರ ಬೆಳಗ್ಗೆ ಬಾನೆಟ್ ತೆರೆದು ನಿಂತವರನ್ನು ಕಂಡರೆ ಹೆಸರು ಕೇಳುವ ಮುಂಚೆ ಕಾಯಿಲೆ ಕೇಳುತ್ತೇವೆ. ಒಬ್ಬರ ಬಳಿ ಸ್ಟ್ಯಾಂಡರ್ಡ್ ಹೆರಾಲ್ಡ್ ಇದೆ. 1961ರಿಂದ ಮದರಾಸಿನಲ್ಲಿ ತಯಾರಾದ ಕಾರು. ಅದರ ಬಾನೆಟ್ಟು ಮಡ್‌ಗಾರ್ಡುಗಳ ಸಮೇತ ಮುಂದಕ್ಕೆ ಬಾಗಿ ತೆರೆದುಕೊಳ್ಳುತ್ತದೆ. ಮುಂದಿನ ಟೈರಿನ ಮೇಲೆ ಕೂತು, ಮಣೆಯ ಮೇಲೆ ಕೂತು ತರಕಾರಿ ಹೆಚ್ಚಿದಷ್ಟು ಆರಾಮವಾಗಿ, ಎಂಜಿನ್ ರಿಪೇರಿ ಮಾಡಬಹುದು. ಇನ್ನೊಬ್ಬರು ಸಿಪಾನಿ ಡಾಲ್ಫಿನ್ ಇಟ್ಟುಕೊಂಡಿದ್ದಾರೆ. ನಮ್ಮ ಬೆಂಗಳೂರಿನಲ್ಲೇ ಹುಟ್ಟಿದ್ದು. ಮೊದಲು ಬಾದಲ್ ಎಂಬ ಮೂರು ಚಕ್ರದ ಗಾಡಿ ಮಾಡುತ್ತಿದ್ದವರು 1982ರಲ್ಲಿ ಇಂಗ್ಲೆಂಡಿನ ರಿಲಯಂಟ್ ಕಿಟನ್ ಕಾರನ್ನು ಮಾದರಿಯಾಗಿಟ್ಟುಕೊಂಡು ಇದನ್ನು ತಂದರು. ಎರಡು ಬಾಗಿಲು, 848 ಸಿಸಿ ಎಂಜಿನ್, ಮೈಯೆಲ್ಲ ಫೈಬರ್. ಮರುವರ್ಷದ ಡಿಸೆಂಬರಿನಲ್ಲಿ ಮಾರುತಿ 800 ಬಂತು. ಆಮೇಲಿನ ಕಥೆ ಎಲ್ಲರಿಗೂ ಗೊತ್ತು. ಆ ಗೆಳೆಯರು ಮಾತ್ರ ಇಂದಿಗೂ ಹೇಳುತ್ತಾರೆ, ‘ತುಕ್ಕು ಹಿಡಿದಿದೆಯೇ ತೋರಿಸಿ ನೋಡೋಣ!’ ಫೈಬರಿಗೆ ತುಕ್ಕು ಹಿಡಿಯುವುದಿಲ್ಲ, ನಿಜ. ಗುದ್ದಿದರೆ ನೆಗ್ಗುವುದೂ ಇಲ್ಲ, ಬಿರಿಯುತ್ತದೆ. ಟಿಂಕರಿಂಗ್‌ನವನ ಸುತ್ತಿಗೆ ಅಲ್ಲಿ ಕೆಲಸಕ್ಕೆ ಬಾರದು. ಗಾಜಿನ ನಾರು, ರಾಳ ತಂದು ತೇಪೆ ಹಾಕಬೇಕು. ಅದನ್ನೂ ಅವರು ಹೆಮ್ಮೆಯಿಂದಲೇ ಹೇಳುತ್ತಾರೆ.

ನಾವು ಜೆ.ಸಿ. ರಸ್ತೆಗೆ ಹೋಗುವುದು ಕೆಲವರು ತಿರುಪತಿಗೆ ಹೋದ ಹಾಗೆ. ಒಂದು ರಬ್ಬರ್ ಬುಷ್‌ಗಾಗಿ ಹತ್ತು ಅಂಗಡಿ ತಿರುಗಿ, ಹನ್ನೊಂದನೆಯವನು ಅಟ್ಟ ಹತ್ತಿ, ಹಳೆಯ ಪೇಪರಿನಲ್ಲಿ ಸುತ್ತಿಟ್ಟದ್ದನ್ನು ಕೆಳಗಿಳಿಸಿದಾಗ ಆಗುವ ಆನಂದಕ್ಕೆ ಹೆಸರಿಲ್ಲ. ಸರ್ಕಾರಕ್ಕೆ ನಮ್ಮ ಮೇಲೆ ಅಂಥ ಪ್ರೀತಿಯೇನಿಲ್ಲ. ಹದಿನೈದು ವರ್ಷ ದಾಟಿದ ಕಾರಿನ ನೋಂದಣಿ ನವೀಕರಣಕ್ಕೆ 600 ರೂಪಾಯಿ ಇದ್ದ ಶುಲ್ಕ 2022ರ ಏಪ್ರಿಲ್‌ನಲ್ಲಿ 5,000ಕ್ಕೆ ಏರಿತು. ಪೆಟ್ರೋಲಿಗೆ ಬೆರೆಸುವ ಎಥನಾಲ್ ಈಗ ಶೇ 20ಕ್ಕೆ ಬಂದಿದೆ; ಹಳೆಯ ರಬ್ಬರ್ ಪೈಪು, ಗ್ಯಾಸ್ಕೆಟ್ಟುಗಳಿಗೆ ಅದು ಒಗ್ಗುವುದಿಲ್ಲ. ಐವತ್ತು ವರ್ಷ ಮೀರಿದರೆ 2021ರ ನಿಯಮದ ಪ್ರಕಾರ ವಿಂಟೇಜ್ ಪಟ್ಟ ಸಿಗಬಹುದು, ನಂಬರಿನಲ್ಲಿ ‘ವಿಎ’ ಎಂಬ ಬಿರುದೂ ಸೇರುತ್ತದೆ. ಹದಿನೈದರಿಂದ ಐವತ್ತರವರೆಗಿನದು ಯಾರಿಗೂ ಬೇಡದ ನಡುವಯಸ್ಸು. ಆ ವಯಸ್ಸಿನ ಕಷ್ಟ ನನಗೂ ಗೊತ್ತು.

ನನ್ನ ಹೆಂಡತಿಗೆ ಲೆಕ್ಕ ಚೆನ್ನಾಗಿ ಬರುತ್ತದೆ. ‘ಅರಮನೆಯವರು ಆನೆ ಸಾಕಿದರೆ ಅದಕ್ಕೊಂದು ದಸರಾ ಆದರೂ ಇದೆ. ಇದಕ್ಕೇನಿದೆ?’ ಎಂದಳು.

‘ಆಯುಧಪೂಜೆ ಇದೆಯಲ್ಲ.’

‘ಹೋದ ವರ್ಷ ಅದನ್ನು ನಿಂಬೆಹಣ್ಣಿನ ಮೇಲೆ ಹತ್ತಿಸಿದ್ದು ಯಾರು? ನಾನು, ನಿಮ್ಮ ಮಗಳು, ಇಸ್ತ್ರಿಯವನು. ತಳ್ಳಿ!’

ಇಷ್ಟೆಲ್ಲ ಇದ್ದೂ ಯಾಕೆ ಇಟ್ಟುಕೊಂಡಿದ್ದೇನೆ ಎಂದು ನನ್ನನ್ನೇ ಕೇಳಿಕೊಂಡಿದ್ದೇನೆ. ಮುಂಬಯಿಯ ಕೊನೆಯ ಪ್ರೀಮಿಯರ್ ಪದ್ಮಿನಿ ಟ್ಯಾಕ್ಸಿಗೆ ಇಪ್ಪತ್ತು ವರ್ಷ ತುಂಬಿ, 2023ರ ಅಕ್ಟೋಬರ್ ಕೊನೆಗೆ ಅದು ರಸ್ತೆಯಿಂದ ಇಳಿಯಬೇಕಾದಾಗ ಇಡೀ ನಗರ ತನ್ನವರನ್ನೇ ಕಳಿಸಿಕೊಟ್ಟಂತೆ ಮರುಗಿತು. 2014ರಲ್ಲಿ ಉತ್ತರಪಾಡಾದ ಕಾರ್ಖಾನೆಯಲ್ಲಿ ಅಂಬಾಸಿಡರ್ ತಯಾರಿ ನಿಂತಾಗಲೂ ಹಾಗೆಯೇ. ಹಳೆಯದೆಂಬ ಮೋಹವೇ ಇದ್ದೀತು ಎಂದು ಬಹಳ ದಿನ ಅಂದುಕೊಂಡಿದ್ದೆ. ನಮ್ಮನೆಯ ಮಟ್ಟಿಗೆ ಅದಲ್ಲವೆಂದು ತಿಳಿಯಲು ಅಪ್ಪ ಹೋಗಬೇಕಾಯಿತು.

ಅಪ್ಪ ಯಾರ ಮುಂದೆಯೂ ಕೈಯೊಡ್ಡಿದವರಲ್ಲ. ಅಕ್ಕನ ಮದುವೆಗೆ ಸಾಲ ಕೇಳಲಿಲ್ಲ, ನನ್ನ ಕೆಲಸಕ್ಕೆ ಶಿಫಾರಸು ಕೇಳಲಿಲ್ಲ. ಕಾಯಿಲೆ ಬಿದ್ದಾಗ ಒಂದು ಲೋಟ ನೀರು ಕೇಳುವುದಕ್ಕೂ ಹಿಂದೆಮುಂದೆ ನೋಡುತ್ತಿದ್ದರು. ಅಂಥವರು ಕಾರಿಗಾಗಿ ಮಾತ್ರ ಹಾಲಿನವನನ್ನು ಕೇಳುತ್ತಿದ್ದರು, ಗುರುತಿಲ್ಲದ ಲಾರಿಯವನನ್ನು ಕೇಳುತ್ತಿದ್ದರು. ಅವರ ಬಾಯಿಂದ ನಾನು ಕೇಳಿದ ಒಂದೇ ಒಂದು ಬೇಡಿಕೆ ಅದು: ಒಂಚೂರು ತಳ್ತೀರಾ. ಕಾರು ಸರಿಯಿದ್ದಿದ್ದರೆ ಅದನ್ನೂ ಕೇಳುತ್ತಿರಲಿಲ್ಲ. ಅವರು ತೀರಿಕೊಂಡ ಬೆಳಗ್ಗೆ ನಾನು ಯಾರನ್ನೂ ಕರೆಯಬೇಕಾಗಲಿಲ್ಲ. ಮೇಷ್ಟ್ರು ಕೈ ಒರೆಸಿಕೊಂಡು ಹೊರಬಂದರು. ಬ್ಯಾಂಕಿನವರು ಬಂದರು. ಮೇಸ್ತ್ರಿ ಗ್ಯಾರೇಜಿಗೆ ಬೀಗ ಹಾಕಿ ಬಂದರು.

ನನ್ನ ಹೊಸ ಕಾರು ಆಟೊಮ್ಯಾಟಿಕ್. ಬ್ಯಾಟರಿ ಸತ್ತರೆ ಅದನ್ನು ಎಷ್ಟು ಜನ ತಳ್ಳಿದರೂ ಹೊತ್ತಿಕೊಳ್ಳುವುದಿಲ್ಲ, ಕೈಪಿಡಿಯಲ್ಲೇ ಬರೆದಿದೆ. ಫೋನು ಮಾಡಿದರೆ ಸಮವಸ್ತ್ರ ತೊಟ್ಟ ಹುಡುಗ ಬರುತ್ತಾನೆ, ಸಹಿ ಹಾಕಿಸಿಕೊಂಡು ಹೋಗುತ್ತಾನೆ. ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ಅದರ ಪಕ್ಕ ನಿಲ್ಲುವ ಕಾರು ಯಾರದೆಂದು ನಾಲ್ಕು ವರ್ಷವಾದರೂ ನನಗೆ ಗೊತ್ತಿಲ್ಲ.

ಮೊನ್ನೆ ಸಂಜೆ ತರಕಾರಿ ಹಿಡಿದು ಬರುತ್ತಿದ್ದೆ. ತಿರುವಿನಾಚೆ ಆ ಸದ್ದು ಕೇಳಿಸಿತು, ಬ್ಯಾಟರಿ ಸೋತು ಸೋತು ಎಳೆಯುವ ಸೆಲ್ಫಿನ ಸದ್ದು. ನಾಲ್ಕನೇ ಸಲಕ್ಕೆ ನಾನು ಚೀಲವನ್ನು ಬೀಡಾ ಅಂಗಡಿಯ ಕಟ್ಟೆಯ ಮೇಲಿಟ್ಟಾಗಿತ್ತು. ಹಳೆಯ ಕಾರು, ಸ್ಟಿಯರಿಂಗ್ ಹಿಂದೆ ಇಪ್ಪತ್ತೈದರ ಹುಡುಗ. ಅವನು ಕಿಟಕಿಯಿಂದ ತಲೆ ಹೊರಹಾಕಿದ. ಬಾಯಿ ತೆರೆಯುವ ಮುಂಚೆಯೇ ‘ಸೆಕೆಂಡಿಗೆ ಹಾಕಪ್ಪ’ ಎಂದೆ. ಬೀಡಾ ಅಂಗಡಿಯವನು ಬಂದ, ಆಟೊದಿಂದ ಇಬ್ಬರು ಇಳಿದರು. ಹತ್ತು ಹೆಜ್ಜೆ, ಹದಿನೈದು ಹೆಜ್ಜೆ. ಕಾರು ಒಮ್ಮೆ ಜಗ್ಗಿ ಹೊತ್ತಿಕೊಂಡಿತು. ಪಕ್ಕಕ್ಕೆ ಸರಿಯುವುದನ್ನು ನಾನೇ ಮರೆತೆ.

ಹುಡುಗ ನಿಲ್ಲಿಸಲಿಲ್ಲ. ನಿಲ್ಲಿಸುವಂತಿಲ್ಲ, ನಿಲ್ಲಿಸಿದರೆ ಮತ್ತೆ ಆಫ್. ಕಿಟಕಿಯಿಂದ ಒಂದು ಕೈ ಮಾತ್ರ ಹೊರಬಂದು ಗಾಳಿಯಲ್ಲಿ ಆಡಿತು. ತಿರುವಿನಲ್ಲಿ ಮರೆಯಾಗುವವರೆಗೂ ನಾವು ನಾಲ್ವರೂ ಹೊಗೆಯಲ್ಲಿ ನಿಂತು ಅದನ್ನು ನೋಡುತ್ತಿದ್ದೆವು. ‘ಫಸ್ಟ್ ಕ್ಲಾಸಾಗಿ ಹೊತ್ಕೊಳ್ತು’ ಎಂದ ಬೀಡಾ ಅಂಗಡಿಯವನು, ಕಾರು ತನ್ನದೇ ಎಂಬಂತೆ.