ಗಡಿಯಾರಗಳ ತವರೂರಿನಲ್ಲಿ

ನೊಶಾತೆಲ್ ಸರೋವರದ ದಂಡೆಯಿಂದ ಹೊರಡುವ ರೈಲು ದ್ರಾಕ್ಷಿಯ ತೋಟಗಳನ್ನು ಕೆಳಗೆ ಬಿಟ್ಟು ಬೆಟ್ಟವನ್ನೇರತೊಡಗುತ್ತದೆ. ಅರ್ಧ ದಾರಿಯಲ್ಲಿ ಒಂದು ಸಣ್ಣ ನಿಲ್ದಾಣದಲ್ಲಿ ನಿಂತು, ಹಿಂದುಮುಂದಾಗಿ, ಬಂದ ದಿಕ್ಕಿಗೇ ಮುಖ ಮಾಡಿಕೊಂಡು ಮತ್ತೆ ಹೊರಡುತ್ತದೆ. ಹೊಸಬರು ಗಾಬರಿಯಿಂದ ಕಿಟಕಿಯಾಚೆ ಇಣುಕುತ್ತಾರೆ. ಊರಿನವರು ಓದುತ್ತಿರುವುದರಿಂದ ತಲೆಯನ್ನೂ ಎತ್ತುವುದಿಲ್ಲ. ಕಡಿದಾದ ಬೆಟ್ಟವನ್ನು ಹತ್ತಲು ಹಿಂದಿನವರು ಹೂಡಿದ ಉಪಾಯವಿದು. ಆಮೇಲೆ ಸುರಂಗಗಳ ಕತ್ತಲೆ. ಕತ್ತಲೆ ಹರಿದಾಗ ಪ್ರಯಾಣಿಕನು ಸುಮಾರು 1000 ಮೀಟರ್ ಎತ್ತರದಲ್ಲಿರುವ ಲಾ ಶೋ-ದ-ಫೋಂ ನಗರವನ್ನು ತಲಪಿರುತ್ತಾನೆ.

ಸ್ವಿಟ್ಜರ್ಲೆಂಡ್ ಎಂದೊಡನೆ ನಮ್ಮ ಕಣ್ಣ ಮುಂದೆ ಸುಳಿಯುವುದು ಹಿಮಶಿಖರ, ನೀಲಿ ಸರೋವರ, ನಮ್ಮ ಚಲಚ್ಚಿತ್ರಗಳ ನಾಯಕ ನಾಯಿಕೆಯರು ಹಾಡುತ್ತ ಓಡಾಡುವ ಹಸಿರು ಇಳಿಜಾರು. ಅಂತಹ ನೋಟವನ್ನು ಬಯಸಿ ಇಲ್ಲಿಗೆ ಬಂದವನಿಗೆ ನಿರಾಶೆಯಾದೀತು. ಇದು ಜ್ಯೂರಾ ಬೆಟ್ಟಗಳ ಸೀಮೆ. ಊರಿನಲ್ಲಿ ಹೇಳಿಕೊಳ್ಳುವಂತಹ ನದಿಯಿಲ್ಲ; ಸುಣ್ಣಕಲ್ಲಿನ ನೆಲವು ಬಿದ್ದ ಮಳೆಯನ್ನೆಲ್ಲ ಕುಡಿದುಬಿಡುತ್ತದೆ. ದೂರದ ಆರೂಸ್ ನದಿಯ ಕಣಿವೆಯಿಂದ ಕುಡಿಯುವ ನೀರನ್ನು ಮೇಲಕ್ಕೆತ್ತಿ ತಂದದ್ದು 1887ರಲ್ಲಿ. ಎತ್ತರದಲ್ಲಿ ನಮ್ಮ ಬೆಂಗಳೂರಿಗಿಂತ ಇದೇನೂ ಹೆಚ್ಚು ಮೇಲಿಲ್ಲ. ಆದರೆ ಚಳಿಗಾಲ ಬಂದಿತೆಂದರೆ ತಿಂಗಳುಗಟ್ಟಲೆ ಹಿಮ. ಹೊಲವಿಲ್ಲ, ಗದ್ದೆಯಿಲ್ಲ; ಹಸುಗಳನ್ನು ಕಟ್ಟಿಕೊಂಡು ಹಾಲು ಬೆಣ್ಣೆಗಳಲ್ಲಿ ಕಾಲ ಕಳೆಯಬೇಕಾದ ಬಡ ನೆಲ.

ಇಂತಹ ನೆಲದಿಂದಲೇ ಪ್ರಪಂಚದ ಮಣಿಕಟ್ಟುಗಳಿಗೆಲ್ಲ ಗಡಿಯಾರ ಬಂದಿತು. ನೆಲ ಬಡವಾದುದರಿಂದಲೇ ಬಂದಿತೆನ್ನಬೇಕು. ಹಿಮದೊಳಗೆ ಹೂತುಹೋದ ಮನೆಗಳಲ್ಲಿ ರೈತರಿಗೆ ಚಳಿಗಾಲವೆಲ್ಲ ಬಿಡುವು. ಹಿತ್ತಾಳೆಯ ಒಂದು ಹಾಳೆ, ಉಕ್ಕಿನ ಒಂದು ತಂತಿ, ಕಿಟಕಿಯ ಬಳಿ ಒಂದು ಮೇಜು, ಇಷ್ಟಿದ್ದರೆ ಕೆಲಸ ನಡೆಯುತ್ತದೆ. ಒಂದು ಮನೆಯಲ್ಲಿ ಚಕ್ರ, ಇನ್ನೊಂದರಲ್ಲಿ ಸ್ಪ್ರಿಂಗು, ಮತ್ತೊಂದರಲ್ಲಿ ಮುಳ್ಳು ಸಿದ್ಧವಾಗುತ್ತಿತ್ತು. ವ್ಯಾಪಾರಿಯೊಬ್ಬನು ಇವನ್ನೆಲ್ಲ ಕೂಡಿಹಾಕಿ ಗಡಿಯಾರ ಕಟ್ಟಿಸುತ್ತಿದ್ದನು. ವರ್ಷದ ದುಡಿಮೆಯನ್ನು ಒಂದು ಸಣ್ಣ ಪೆಟ್ಟಿಗೆಯಲ್ಲಿಟ್ಟು ಬೆಟ್ಟ ಇಳಿದು ಹೋಗಬಹುದಾದ ಕಸುಬು ಇದಕ್ಕಿಂತ ಬೇರೆ ಯಾವುದಿದ್ದೀತು?

1794ರಲ್ಲಿ ಬೆಂಕಿ ಬಿದ್ದು ಊರಿನ ಬಹುಭಾಗ ಸುಟ್ಟುಹೋಯಿತು. ಹೊಸ ಊರಿಗೆ ನಕ್ಷೆ ಹಾಕಿದವನು ಮೊಯಿಸ್ ಪೆರೆ-ಜಾಂತಿ ಎಂಬ ಕೆತ್ತನೆಗಾರ. 1835ರಲ್ಲಿ ಷಾರ್ಲ್-ಆನ್ರಿ ಜುನೋ ಎಂಬ ಎಂಜಿನಿಯರು ಅದನ್ನು ಹಿಗ್ಗಿಸಿದನು. ಹೀಗೆ ಹುಟ್ಟಿದ ಬೀದಿಗಳು ಪಗಡೆಯ ಹಾಸಿನಂತೆ ನೇರ. ಮನೆಗಳ ಸಾಲು ಮೆಟ್ಟಿಲು ಮೆಟ್ಟಿಲಾಗಿ ಗುಡ್ಡದ ಮೇಲೆ ನಿಂತಿದೆ. ಒಂದರ ನೆರಳು ಮತ್ತೊಂದರ ಮೇಲೆ ಬೀಳದಂತೆ ನಡುವೆ ಕೈತೋಟ, ಬೀದಿ. ಅಲೆದಾಡುವಾಗ ತಲೆಯೆತ್ತಿ ನೋಡಿದರೆ ಹಲವು ಕಟ್ಟಡಗಳ ಮೇಲಂತಸ್ತಿನಲ್ಲಿ ಕಿಟಕಿಯ ಪಕ್ಕದಲ್ಲೇ ಕಿಟಕಿ. ಆ ಕಿಟಕಿಗಳ ಹಿಂದೆ ಕೆಲಸದ ಮೇಜುಗಳಿದ್ದವು. ಸಾಸಿವೆಗಿಂತ ಚಿಕ್ಕದಾದ ತಿರುಪನ್ನು ಚಿಮಟದಲ್ಲಿ ಹಿಡಿದವನಿಗೆ ಬೆಳಕಿಗಿಂತ ದೊಡ್ಡ ಭಾಗ್ಯವಿಲ್ಲ. 1867ರಲ್ಲಿ ಪ್ರಕಟವಾದ ತನ್ನ ‘ಬಂಡವಾಳ’ ಗ್ರಂಥದಲ್ಲಿ ಕಾರ್ಲ್ ಮಾರ್ಕ್ಸನು, ಈ ಇಡೀ ಊರನ್ನೇ ಒಂದು ಗಡಿಯಾರದ ಕಾರ್ಖಾನೆಯೆಂದು ಎಣಿಸಬಹುದೆಂಬ ಅರ್ಥದ ಮಾತನ್ನು ಬರೆದಿದ್ದಾನೆ. 2009ರಲ್ಲಿ ಯುನೆಸ್ಕೋ ಸಂಸ್ಥೆಯು ಈ ಊರನ್ನೂ ನೆರೆಯ ಲೆ ಲೋಕ್ಲ್ ಪಟ್ಟಣವನ್ನೂ ಒಟ್ಟಾಗಿ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಅರಮನೆ, ಕೋಟೆ, ದೇವಾಲಯಗಳಿಗೆ ದೊರೆಯುವ ಮರ್ಯಾದೆ ಕಿಟಕಿಗಳಿಗೆ ದೊರೆತದ್ದು ಅಪರೂಪವಲ್ಲವೆ?

ಭಾರತೀಯನಿಗೆ ಈ ಊರಿನಲ್ಲಿ ಇನ್ನೊಂದು ಸ್ವಾರಸ್ಯವುಂಟು. ಗಡಿಯಾರದ ಡಯಲುಗಳಿಗೆ ಎನಾಮೆಲ್ ಹಾಕುವ ಕಸುಬಿನವನೊಬ್ಬನಿಗೆ 1887ರಲ್ಲಿ ಇಲ್ಲಿ ಒಬ್ಬ ಮಗ ಹುಟ್ಟಿದನು. ಹುಡುಗನನ್ನು ಗಡಿಯಾರದ ಕವಚದ ಮೇಲೆ ಚಿತ್ರ ಕೊರೆಯುವ ವಿದ್ಯೆಗೆ ಹಾಕಿದರು. ಕಣ್ಣಿನ ದೃಷ್ಟಿ ಸಾಲದಾಯಿತು. ಕಲಾಶಾಲೆಯ ಗುರುಗಳಾದ ಲೆಪ್ಲಾಟೆನಿಯೇ ಅವನನ್ನು ವಾಸ್ತುಶಿಲ್ಪದತ್ತ ತಿರುಗಿಸಿದರು. ಅವನೇ ಮುಂದೆ ಲ ಕಾರ್ಬೂಸಿಯೇ ಎಂಬ ಹೆಸರಿನಿಂದ ನಮ್ಮ ಚಂಡೀಗಢವನ್ನು ರೂಪಿಸಿದವರು. ಅಲ್ಲಿನ ನೇರ ರಸ್ತೆಗಳನ್ನು ಕಂಡವರು ಇಲ್ಲಿಗೆ ಬಂದಾಗ ಏನನ್ನೋ ನೆನೆದು ಮುಗುಳ್ನಗುವುದುಂಟು. ಆ ನೆನಪಿಗೆ ಆಧಾರ ಎಷ್ಟೆಂಬುದನ್ನು ವಿದ್ವಾಂಸರಿಗೆ ಬಿಡೋಣ. 1912ರಲ್ಲಿ ಆತ ತಂದೆತಾಯಿಗಳಿಗಾಗಿ ಕಟ್ಟಿದ ಬಿಳಿಯ ಮನೆ ಮಾತ್ರ ಇಂದಿಗೂ ಗುಡ್ಡದ ಮೇಲಿದೆ.

ಊರಿನ ಅಂತರರಾಷ್ಟ್ರೀಯ ಗಡಿಯಾರ ಸಂಗ್ರಹಾಲಯವು ಬಹುಮಟ್ಟಿಗೆ ನೆಲದೊಳಗಿದೆ. ಈಗಿನ ಕಟ್ಟಡ 1974ರದು. ಬಿಸಿಲು ಗಡಿಯಾರದಿಂದ ಪರಮಾಣು ಗಡಿಯಾರದವರೆಗೆ ಕಾಲವನ್ನಳೆಯುವ ಸಾಧನಗಳೆಲ್ಲ ಇಲ್ಲಿವೆ. ಅವುಗಳ ಪಟ್ಟಿ ಕೊಟ್ಟು ವಾಚಕರನ್ನು ದಣಿಸಲಾರೆ. ನೋಡಲೇಬೇಕಾದದ್ದು ಗಾಜಿನ ಹಿಂದಿರುವ ದುರಸ್ತಿಯ ಕೊಠಡಿ. ಹಳೆಯ ಗಡಿಯಾರವೊಂದರ ಸವೆದ ಭಾಗಕ್ಕೆ ಅಂಗಡಿಯಲ್ಲಿ ಬದಲಿ ದೊರೆಯದು; ಅದನ್ನು ಕೈಯಿಂದಲೇ ಮಾಡಬೇಕು. ಹಾಗೆ ಮಾಡಬಲ್ಲ ಕೈ ಉಳಿದಿರುವವರೆಗೆ ಗಡಿಯಾರ ಬದುಕಿರುತ್ತದೆ. 2020ರಲ್ಲಿ ಯುನೆಸ್ಕೋ ಈ ಸೀಮೆಯ ಯಾಂತ್ರಿಕ ಗಡಿಯಾರದ ಕುಶಲತೆಯನ್ನೇ ಮಾನವಕುಲದ ಅಮೂರ್ತ ಪರಂಪರೆಯೆಂದು ಪರಿಗಣಿಸಿತು.

ಕೈ ಉಳಿಯುವುದು ಎಷ್ಟು ಕಷ್ಟವೆಂಬುದನ್ನು ತಿಳಿಯಲು ಲೆ ಲೋಕ್ಲ್‌ಗೆ ಹೋಗಬೇಕು. ರೈಲಿನಲ್ಲಿ ಹತ್ತು ನಿಮಿಷದ ದಾರಿ. ದಾನಿಯೆಲ್ ಜಾನ್‌ರಿಷಾರ್ ಎಂಬ ಕಮ್ಮಾರರ ಹುಡುಗನ ಪ್ರತಿಮೆ ಇಲ್ಲಿದೆ. 1679ರಲ್ಲಿ ಕುದುರೆ ವ್ಯಾಪಾರಿಯೊಬ್ಬನ ಕೆಟ್ಟುಹೋದ ಗಡಿಯಾರವನ್ನು ಬಿಚ್ಚಿ ಸರಿಪಡಿಸಿ, ಅದನ್ನು ನೋಡಿಯೇ ಇನ್ನೊಂದನ್ನು ಮಾಡಿದನೆಂದು ಐತಿಹ್ಯ. ಇತಿಹಾಸಕಾರರು ತಲೆಯಾಡಿಸಿದರೂ ಊರಿಗೆ ಕಥೆ ಬೇಕು. ಇದಕ್ಕಿಂತ ಹೆಚ್ಚಿನ ಕಥೆಯೊಂದು ನಮ್ಮ ಕಾಲದಲ್ಲೇ ಈ ಪಟ್ಟಣದಲ್ಲಿ ನಡೆದಿದೆ. ಅದಕ್ಕೆ ಸಾಕ್ಷಿಯೂ ಇದೆ.

1969ರ ಜನವರಿಯಲ್ಲಿ ಇಲ್ಲಿನ ಜೆನಿತ್ ಕಂಪನಿಯು ‘ಎಲ್ ಪ್ರಿಮೇರೊ’ ಎಂಬ ಯಂತ್ರವನ್ನು ಹೊರತಂದಿತು. ತಾನಾಗಿ ಕೀ ತುಂಬಿಕೊಳ್ಳುವ, ಸೆಕೆಂಡಿನ ಹತ್ತನೆಯ ಒಂದಂಶವನ್ನು ಅಳೆಯಬಲ್ಲ ಯಂತ್ರ. ಗಂಟೆಗೆ 36,000 ಬಡಿತ. ಅದೇ ವರ್ಷದ ಡಿಸೆಂಬರ್ 25ರಂದು ಟೋಕಿಯೊದಲ್ಲಿ ಸೈಕೊ ಕಂಪನಿಯ ಕ್ವಾರ್ಟ್ಸ್ ಕೈಗಡಿಯಾರ ಮಾರಾಟಕ್ಕೆ ಬಂದಿತು. ಅದಕ್ಕೆ ಬ್ಯಾಟರಿ ಸಾಕು. ಕೀ ಬೇಡ, ಕಾಲದಲ್ಲಿ ತಪ್ಪು ಬಹಳ ಕಡಿಮೆ. ಹತ್ತು ವರ್ಷಗಳೊಳಗೆ ಬೆಲೆಯೂ ಇಳಿಯಿತು. 1970ರ ಸುಮಾರಿಗೆ ಸ್ವಿಸ್ ಗಡಿಯಾರದ ಉದ್ಯಮದಲ್ಲಿ 90,000ದಷ್ಟು ಜನರಿದ್ದರು. 1980ರ ದಶಕದ ನಡುವಿಗೆ ಆ ಸಂಖ್ಯೆ 30,000ದ ಸುಮಾರಿಗೆ ಇಳಿಯಿತು. ಬೆಳಕಿಗಾಗಿ ತೆರೆದಿದ್ದ ಆ ಕಿಟಕಿಗಳ ಹಿಂದೆ ಮೇಜುಗಳು ಬರಿದಾದವು.

ಜೆನಿತ್ ಆಗ ಅಮೆರಿಕದ ಶಿಕಾಗೊ ನಗರದ ರೇಡಿಯೋ ಕಂಪನಿಯೊಂದರ ವಶದಲ್ಲಿತ್ತು. 1975ರಲ್ಲಿ ಅಪ್ಪಣೆ ಬಂದಿತು: ಇನ್ನು ಮುಂದೆ ಕ್ವಾರ್ಟ್ಸ್ ಮಾತ್ರ, ಯಾಂತ್ರಿಕ ಗಡಿಯಾರದ ಉಪಕರಣಗಳನ್ನು ಗುಜರಿಗೆ ಹಾಕಿರಿ. ಷಾರ್ಲ್ ವೆರ್ಮೋ ಎಂಬ ಕಾರ್ಯಾಗಾರದ ಮುಖ್ಯಸ್ಥನು ಬೇಡವೆಂದು ಬರೆದು ತಿಳಿಸಿದನು. ಅವನ ಮಾತು ನಡೆಯಲಿಲ್ಲ. ಆಗ ಆತ ಯಾರಿಗೂ ಹೇಳದೆ ಒಂದು ಕೆಲಸ ಮಾಡಿದನು. ಒತ್ತುಯಂತ್ರಗಳು, ಅಚ್ಚುಗಳು, ಕತ್ತರಿಸುವ ಉಪಕರಣಗಳು, ಇವನ್ನೆಲ್ಲ ಸ್ವಲ್ಪಸ್ವಲ್ಪವಾಗಿ ಹೊತ್ತು ಕಾರ್ಖಾನೆಯ ಅಟ್ಟದ ಮೇಲೆ ಬಚ್ಚಿಟ್ಟನು. ಯಾವುದು ಯಾವುದಕ್ಕೆಂದು ಚೀಟಿ ಅಂಟಿಸಿ, ತಯಾರಿಕೆಯ ಕ್ರಮವನ್ನೆಲ್ಲ ಬರೆದಿಟ್ಟನು. ಯಜಮಾನನ ಅಪ್ಪಣೆ ಮೀರುವುದು ಸಾಮಾನ್ಯವಾಗಿ ಹೊಗಳುವ ಗುಣವಲ್ಲ. ಕೆಲಸ ಹೋದೀತೆಂಬ ಭಯ ಅವನಿಗೆ ಇದ್ದೇ ಇದ್ದೀತು. ಊರಿಗೆ ಊರೇ ಕೆಲಸ ಕಳೆದುಕೊಳ್ಳುತ್ತಿದ್ದ ಕಾಲ.

1978ರಲ್ಲಿ ಕಂಪನಿ ಮರಳಿ ಸ್ವಿಸ್ ಒಡೆತನಕ್ಕೆ ಬಂದಿತು. 1984ರಲ್ಲಿ ಎಲ್ ಪ್ರಿಮೇರೊ ಯಂತ್ರವನ್ನು ಮತ್ತೆ ಮಾಡಬೇಕೆನಿಸಿದಾಗ ಉಪಕರಣಗಳಿಗಾಗಿ ಹುಡುಕಬೇಕಾಗಲಿಲ್ಲ. ವೆರ್ಮೋ ಅಟ್ಟದ ದಾರಿ ತೋರಿಸಿದನು. 1988ರಿಂದ 2000ದವರೆಗೆ ರೋಲೆಕ್ಸ್ ಕಂಪನಿಯ ಪ್ರಸಿದ್ಧ ‘ಡೇಟೋನಾ’ ಗಡಿಯಾರದೊಳಗೂ ಮಾರ್ಪಡಿಸಿದ ಇದೇ ಯಂತ್ರ ಓಡುತ್ತಿತ್ತು. ಅದನ್ನು ಲಕ್ಷಗಟ್ಟಲೆ ಕೊಟ್ಟು ಕೊಳ್ಳುವವರಲ್ಲಿ ಎಷ್ಟು ಮಂದಿಗೆ ಆ ಅಟ್ಟದ ಸುದ್ದಿ ತಿಳಿದಿದೆಯೋ!

ಇಷ್ಟು ದೂರದ ಊರುಗಳಿಗೂ ನಮಗೂ ಏನು ನಂಟು ಎಂದು ಕೇಳಬಹುದು. ಮನೆಯ ಹಳೆಯ ಪೆಟ್ಟಿಗೆಯನ್ನು ತೆರೆದು ನೋಡಿರಿ. ಬೆಂಗಳೂರಿನಲ್ಲಿ ಎಚ್.ಎಂ.ಟಿ. ಗಡಿಯಾರಗಳ ತಯಾರಿಕೆ ಜಪಾನಿನ ಸಿಟಿಜನ್ ಕಂಪನಿಯ ಸಹಕಾರದಿಂದ ಆರಂಭವಾದದ್ದು 1961ರಲ್ಲಿ. ಅದಕ್ಕೆ ಮೊದಲು ಮಾವನವರು ಅಳಿಯನಿಗೆ ಕೊಡುತ್ತಿದ್ದ ವಾಚು ಬಹುಮಟ್ಟಿಗೆ ಸ್ವಿಸ್ ವಾಚೇ. ಮುಂಬಯಿಯಲ್ಲಿ 1865ರಿಂದ ವ್ಯಾಪಾರ ನಡೆಸಿದ ಫಾವ್ರ್-ಲ್ಯೂಬಾ ಮನೆತನದ ಮೂಲ ಇದೇ ಲೆ ಲೋಕ್ಲ್. ವೆಸ್ಟ್ ಎಂಡ್ ಕಂಪನಿಯ ಗಡಿಯಾರಗಳೂ ರೈಲ್ವೆ ಮತ್ತು ಸೈನ್ಯದ ನೌಕರರ ಕೈಗಳಲ್ಲಿ ಊರೂರು ತಿರುಗಿದವು. ಅಂತಹ ಒಂದು ಗಡಿಯಾರ ನಿಮ್ಮಲ್ಲಿ ನಿಂತುಹೋಗಿದ್ದರೆ, ಅದು ಸತ್ತಿದೆಯೆಂದು ತಿಳಿಯಬೇಡಿ. ಅನೇಕ ವೇಳೆ ಒಳಗಿನ ಎಣ್ಣೆ ಒಣಗಿ ಅಂಟಾಗಿರುತ್ತದೆ, ಅಷ್ಟೆ.

ಆ ಕಾಲದ ಸಾಧಾರಣ ಗಡಿಯಾರವು ಗಂಟೆಗೆ 18,000 ಬಾರಿ, ಎಂದರೆ ಸೆಕೆಂಡಿಗೆ ಐದು ಸಲ ಬಡಿಯುತ್ತದೆ. ಒಂದು ದಿನಕ್ಕೆ 4,32,000 ಬಡಿತ. ಚಕ್ರಗಳ ಅಚ್ಚು ತಿರುಗುವೆಡೆಗಳಲ್ಲಿ ಕೃತಕ ಮಾಣಿಕ್ಯದ ಕಲ್ಲುಗಳಿರುತ್ತವೆ. ಡಯಲಿನ ಮೇಲೆ ‘17 ಜ್ಯುಯೆಲ್ಸ್’ ಎಂದು ಬರೆದಿರುವುದು ಇವುಗಳನ್ನೇ. ಎಣ್ಣೆ ಒಣಗಿದ ಮೇಲೂ ಓಡಿಸಿದರೆ ಕಲ್ಲಿಗೆ ಉಕ್ಕು ಉಜ್ಜಿ ಸವೆಯುತ್ತದೆ. ಆದುದರಿಂದ ಸಿಕ್ಕಿದೊಡನೆ ಕೀ ಕೊಟ್ಟು ‘ಓಡುತ್ತಿದೆ’ ಎಂದು ಕುಣಿಯುವುದಕ್ಕಿಂತ, ಮೊದಲು ಬಲ್ಲವರಿಂದ ಬಿಚ್ಚಿಸಿ ತೊಳೆಸುವುದು ಲೇಸು. ಆಮೇಲೆ ನಾಲ್ಕೈದು ವರ್ಷಗಳಿಗೊಮ್ಮೆ ಸಾಕು. ಪ್ರತಿದಿನ ಬೆಳಿಗ್ಗೆ ಒಂದೇ ಹೊತ್ತಿಗೆ, ಕೈಯಿಂದ ಕಳಚಿಟ್ಟು, ಬೆರಳಿಗೆ ತಡೆ ತಿಳಿಯುವವರೆಗೆ ಮೆಲ್ಲಗೆ ಕೀ ಕೊಡಬೇಕು. ಹಿಂಬದಿಯಲ್ಲಿ ‘ವಾಟರ್‌ಪ್ರೂಫ್’ ಎಂದಿರುವುದನ್ನು ನಂಬಿ ನೀರಿಗಿಳಿಯಬಾರದು. ಅರವತ್ತು ವರ್ಷದ ರಬ್ಬರು ಯಾವ ನೀರನ್ನೂ ತಡೆಯದು. ಇದ್ದಕ್ಕಿದ್ದಂತೆ ಗಂಟೆಗಟ್ಟಲೆ ಮುಂದೋಡಿದರೆ ಕೂದಲೆಳೆಯಂತಹ ಸ್ಪ್ರಿಂಗಿಗೆ ಅಯಸ್ಕಾಂತದ ಸೋಂಕು ತಗಲಿರಬಹುದು. ದೂರವಾಣಿಯನ್ನೋ ಧ್ವನಿವರ್ಧಕವನ್ನೋ ಪಕ್ಕದಲ್ಲಿಟ್ಟರೆ ಹೀಗಾಗುವುದುಂಟು. ರಿಪೇರಿಯವರು ಕ್ಷಣದಲ್ಲಿ ಸರಿಪಡಿಸುತ್ತಾರೆ. ಕತ್ತಲೆಯಲ್ಲಿ ಹೊಳೆಯುತ್ತಿದ್ದ ಹಳೆಯ ರೇಡಿಯಂ ಡಯಲಿನ ಗಡಿಯಾರವನ್ನು ಮಾತ್ರ ಮನೆಯಲ್ಲಿ ಎಂದಿಗೂ ಬಿಚ್ಚಬೇಡಿ. ಹೊಳಪು ಆರಿದರೂ ರೇಡಿಯಂ ಆರುವುದಿಲ್ಲ. ಅದರ ಶಕ್ತಿ ಅರ್ಧಕ್ಕಿಳಿಯಲು 1600 ವರ್ಷ ಬೇಕು, ಅದರ ಪುಡಿಯನ್ನು ಉಸಿರಾಡಬಾರದು.

ಕೊಂಡು ಸಂಗ್ರಹಿಸುವ ಆಸೆಯಿದ್ದವರು ಥಳಥಳಿಸುವ ಡಯಲನ್ನು ಕಂಡರೆ ಅನುಮಾನಿಸಬೇಕು. ಮುಂಬಯಿಯಿಂದ ಹೊರಡುವ ಹಳೆಯ ವಾಚುಗಳಲ್ಲಿ ಡಯಲಿಗೆ ಹೊಸ ಬಣ್ಣ ಬಳಿದು, ಹೆಸರನ್ನು ಮತ್ತೆ ಮುದ್ರಿಸಿ, ಬೇರೆ ಬೇರೆ ಗಡಿಯಾರಗಳ ಅಂಗಗಳನ್ನು ಒಂದುಗೂಡಿಸಿದವು ಬಹಳ. ಓಡಲು ಅಡ್ಡಿಯಿಲ್ಲ; ಆದರೆ ಅದು ಯಾರ ತಾತನ ಗಡಿಯಾರವೂ ಅಲ್ಲ. ಅಂಚಿನಲ್ಲಿ ಕಂದಿದ, ಒಂದೆರಡು ಕಲೆಯಿರುವ ಮೂಲ ಡಯಲು ನನ್ನ ಮಟ್ಟಿಗೆ ಹೆಚ್ಚು ಬೆಲೆಯುಳ್ಳದ್ದು. ಹಿಂಬದಿಯ ಮುಚ್ಚಳ ತೆಗೆಸಿ, ಡಯಲಿನ ಮೇಲಿರುವ ಹೆಸರೇ ಒಳಗಿನ ಯಂತ್ರದ ಮೇಲೂ ಇದೆಯೇ ಎಂದು ನೋಡಿಯೇ ಹಣ ಎಣಿಸಬೇಕು.

ಈ ಹಳೆಯ ಯಂತ್ರಗಳಲ್ಲಿ ಬಹುತೇಕಕ್ಕೆ ಬಿಡಿಭಾಗ ಮಾಡುವವರು ಈಗಿಲ್ಲ. ಎಲ್ಲ ಕಾರ್ಖಾನೆಗಳಿಗೂ ವೆರ್ಮೋನಂತಹವನು ದೊರೆಯಲಿಲ್ಲ. ನಮ್ಮ ಪೇಟೆಬೀದಿಗಳಲ್ಲಿ, ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು ಕುಳಿತ ಕೆಲವು ಹಿರಿಯ ರಿಪೇರಿಯವರಲ್ಲಿ ಮಾತ್ರ, ಕೆಟ್ಟ ಗಡಿಯಾರಗಳಿಂದ ತೆಗೆದಿಟ್ಟ ಚಕ್ರಗಳೂ ತಿರುಪುಗಳೂ ತಗಡಿನ ಡಬ್ಬಿಗಳಲ್ಲಿ ಉಳಿದಿವೆ. ಅಂಥವರಲ್ಲಿಗೆ ಹೋಗುವುದಾದರೆ ಬೆಳಗಿನ ಹೊತ್ತು ಹೋಗಿ. ಬೆಳಕು ಚೆನ್ನಾಗಿರುತ್ತದೆ, ಗಿರಾಕಿಗಳೂ ಕಡಿಮೆ. ಕವಚವನ್ನು ಉಜ್ಜಿ ಹೊಳೆಯಿಸುವುದು ಬೇಡವೆಂದು ಮೊದಲೇ ಹೇಳಿ. ಉಜ್ಜಿದಷ್ಟೂ ಅಂಚುಗಳು ಕರಗುತ್ತವೆ, ಹಿಂಬದಿಯಲ್ಲಿ ಕೊರೆಯಿಸಿದ ಹೆಸರೂ ತಾರೀಖೂ ಅಳಿಸಿಹೋಗುತ್ತವೆ. ಬದಲಾಯಿಸಿದ ಹಳೆಯ ಭಾಗವನ್ನು ಕೇಳಿ ಪಡೆದುಕೊಂಡು, ಒಂದು ಕಾಗದದ ಪೊಟ್ಟಣದಲ್ಲಿ ಕಟ್ಟಿ, ಅದು ಯಾವ ಗಡಿಯಾರದ್ದೆಂದು ಮೇಲೆ ಬರೆದಿಡಿ.