ನರತಂತುವಿನ ಹಮಾಲರು

ಗಂಗಾವತಿಯ ರೈಸ್ ಮಿಲ್ಲಿನಲ್ಲಿ ಅಕ್ಕಿ ಎಷ್ಟೇ ರಾಶಿ ಬಿದ್ದಿರಲಿ, ಹಮಾಲರು ಚೀಲ ಹೊರದಿದ್ದರೆ ಲಾರಿ ತುಂಬುವುದಿಲ್ಲ. ಮನುಷ್ಯನ ನರಕೋಶದ ಕಥೆಯೂ ಹೀಗೆಯೇ. ಕೋಶದ ಒಡಲು ಬರಿಗಣ್ಣಿಗೆ ಕಾಣದಷ್ಟು ಚಿಕ್ಕದು. ಅದರಿಂದ ಹೊರಟ ತಂತು ಮಾತ್ರ, ಬೆನ್ನುಹುರಿಯಿಂದ ಪಾದಕ್ಕೆ ಇಳಿಯುವಲ್ಲಿ, ಸುಮಾರು 1 ಮೀಟರ್ ಉದ್ದ. ತುದಿಗೆ ಬೇಕಾದ ಹೆಚ್ಚಿನ ಪ್ರೋಟೀನುಗಳು ತಯಾರಾಗುವುದು ಒಡಲಿನಲ್ಲಿ. ಅವನ್ನು ಅಷ್ಟು ದೂರ ಹೊತ್ತೊಯ್ಯುವವರು ಯಾರು?

1948ರಲ್ಲಿ ಪಾಲ್ ವೈಸ್ ಮತ್ತು ಹೆಲೆನ್ ಹಿಸ್ಕೋ ಪ್ರಾಣಿಗಳ ನರವನ್ನು ಬಿಗಿದು ನೋಡಿದರು. ಮುನಿರಾಬಾದಿನ ಅಣೆಕಟ್ಟಿನ ಹಿಂದೆ ತುಂಗಭದ್ರೆ ನಿಂತಂತೆ, ಬಿಗಿದ ಜಾಗದ ಹಿಂದೆ ಸರಕು ನಿಂತು ತಂತು ಉಬ್ಬಿತು. ಹೊರುವ ಹಮಾಲ ಸಿಕ್ಕಿದ್ದು 1985ರಲ್ಲಿ, ಸ್ಕ್ವಿಡ್ ಎಂಬ ಕಡಲಜೀವಿಯ ನರದಲ್ಲಿ. ಹೆಸರು ಕೈನೆಸಿನ್. ತಂತುವಿನೊಳಗಿನ ಸೂಕ್ಷ್ಮನಾಳಗಳ ಮೇಲೆ 8 ನ್ಯಾನೋಮೀಟರಿನ ಹೆಜ್ಜೆಯಿಟ್ಟು ಅದು ತುದಿಯತ್ತ ನಡೆಯುತ್ತದೆ. ಡೈನೀನ್ ಎಂಬ ಇನ್ನೊಂದು, ತುದಿಯಿಂದ ಒಡಲಿನತ್ತ ಸರಕು ತರುತ್ತದೆ. ವೇಗದ ಸರಕು ದಿನಕ್ಕೆ 40 ಸೆಂಟಿಮೀಟರಿನಷ್ಟು ಸಾಗಿದರೆ, ನಿಧಾನದ್ದು ಕೆಲವೇ ಮಿಲಿಮೀಟರ್.

ಈ ಸಾಗಾಟಕ್ಕೂ ಮನೋರೋಗಕ್ಕೂ ನಂಟುಂಟೇ? ಸ್ಕಾಟ್ಲೆಂಡಿನ ಒಂದು ಕುಟುಂಬದ ಹಲವರಲ್ಲಿ ಸ್ಕಿಜೋಫ್ರೇನಿಯಾ, ಖಿನ್ನತೆಗಳಿದ್ದವು. ಅವರಲ್ಲಿ ತುಂಡಾಗಿದ್ದ ವಂಶವಾಹಿಯನ್ನು 2000ನೇ ಇಸವಿಯಲ್ಲಿ ಗುರುತಿಸಿ ಡಿಸ್ಕ್-1 ಎಂದು ಹೆಸರಿಟ್ಟರು. ಅದರ ಪ್ರೋಟೀನು ಕೈನೆಸಿನ್ನಿಗೆ ಸರಕು ಹೊರಿಸುವುದರಲ್ಲಿ ಕೈಗೂಡಿಸುತ್ತದೆಂದು ಮುಂದೆ ತಿಳಿಯಿತು. ಹಾಗೆಂದು ಎಲ್ಲ ಮನೋರೋಗಕ್ಕೂ ಇದೊಂದೇ ಕಾರಣವಲ್ಲ. ಅನೇಕ ವಂಶವಾಹಿಗಳು, ಬದುಕಿನ ಪೆಟ್ಟುಗಳು ಕೂಡಿಯೇ ರೋಗ. ಬೆಂಗಳೂರಿನ ನಿಮ್ಹಾನ್ಸ್ ಮತ್ತು ಎನ್‌ಸಿಬಿಎಸ್ ಸಂಸ್ಥೆಗಳು, ಒಂದೇ ಮನೆಯ ಹಲವರಿಗೆ ಕಾಯಿಲೆಯಿರುವ ಕುಟುಂಬಗಳ ಜೀವಕೋಶಗಳಿಂದ ನರಕೋಶ ಬೆಳೆಸಿ ಈ ಗಂಟನ್ನು ಬಿಡಿಸಲು ಯತ್ನಿಸಿವೆ.

ಇಷ್ಟೆಲ್ಲ ತಿಳಿದು ಏನು ಪ್ರಯೋಜನ? ಯಲಬುರ್ಗಾ, ಕುಷ್ಟಗಿ ಕಡೆಯ ಹಳ್ಳಿಯಲ್ಲಿ ಚುರುಕಾಗಿದ್ದ ಹುಡುಗ ಮಂಕಾಗಿ ಮೂಲೆ ಹಿಡಿದರೆ ‘ಗಾಳಿ ಬಡದೈತಿ’ ಎನ್ನುವವರುಂಟು, ‘ಸೊಕ್ಕು’ ಎನ್ನುವವರೂ ಉಂಟು. ತಾಯಿ ತನ್ನ ಸಾಕಣೆಯಲ್ಲೇ ತಪ್ಪಾಯಿತೇನೋ ಎಂದು ಒಳಗೇ ಕೊರಗುತ್ತಾಳೆ. ಕಣ್ಣಿಗೆ ಕಾಣದ ಕೋಶದೊಳಗೂ ಕೆಲಸ ಕೆಡಬಹುದೆಂದು ತಿಳಿದರೆ ಆಕೆಯ ಎದೆಯ ಭಾರ ಅರ್ಧ ಇಳಿದೀತು.

ಡಾಕ್ಟರು ಕೊಟ್ಟ ಮಾತ್ರೆಯನ್ನು ‘ವಾರವಾದರೂ ಗುಣವಿಲ್ಲ’ ಎಂದು ಬಿಡಿಸುವುದೂ ಉಂಟು. ಖಿನ್ನತೆಯ ಮಾತ್ರೆ ಪೂರ್ಣ ಗುಣ ತೋರಲು ಹಲವು ವಾರ ಬೇಕು. ನೆರೆಯ ಬಳ್ಳಾರಿ ಜಿಲ್ಲೆಯಲ್ಲಿ 1985ರಿಂದ ನಿಮ್ಹಾನ್ಸ್ ನಡೆಸಿದ ಪ್ರಯೋಗ, ಊರ ಹತ್ತಿರದ ಆಸ್ಪತ್ರೆಯಲ್ಲೇ ಈ ಚಿಕಿತ್ಸೆ ಸಾಧ್ಯವೆಂದು ತೋರಿಸಿತು. 1996ರಲ್ಲಿ ಅದೇ ಮಾದರಿಯಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯಿತು. ಜ್ವರ ಬಂದ ಮಗುವನ್ನು ಕೊಪ್ಪಳದ ಆಸ್ಪತ್ರೆಗೆ ಕರೆದೊಯ್ಯಲು ನಾಚದ ಮನೆಯವರು, ಮನಸ್ಸು ಬಳಲಿದ ಮಗನನ್ನು ಕರೆದೊಯ್ಯಲು ಮಾತ್ರ ಯಾಕೆ ನಾಚಬೇಕು?